ಕ್ಯಾಮ್ ಇಳಿಸಿದರೂ ಲೂಪ್ ಉದ್ದ ಬದಲಾಗುತ್ತಿಲ್ಲ: ನನ್ನ ಸ್ವಯಂಚಾಲಿತ ನಿಯಂತ್ರಣ ಎಲ್ಲಿ ತಪ್ಪಿದೆ?

ಹೆಣಿಗೆಯವ (ಚರ್ಚೆ ಆರಂಭಿಸಿದವರು)

ನಾಲ್ಕು ತಿಂಗಳಿಂದ ಇದೊಂದೇ ಕೆಲಸದ ಬೆನ್ನು ಹತ್ತಿದ್ದೇನೆ. ಫಲ ಸಿಕ್ಕಿಲ್ಲ. ಬಲ್ಲವರು ತಿದ್ದಬೇಕು.

ಯಂತ್ರ 30 ಇಂಚು ವ್ಯಾಸದ ಸಿಂಗಲ್ ಜೆರ್ಸಿ, ಅಂದರೆ ಒಂದೇ ಸಾಲು ಸೂಜಿಗಳಿಂದ ಸಾದಾ ಬಟ್ಟೆ ಹೆಣೆಯುವ ದುಂಡು ಯಂತ್ರ. 28 ಗೇಜ್ (ಇಂಚಿಗೆ 28 ಸೂಜಿ), 2640 ಸೂಜಿ, 90 ಫೀಡರ್ (ಸೂಜಿಗಳಿಗೆ ನೂಲು ಕೊಡುವ ಸಾಧನ), ನಿಮಿಷಕ್ಕೆ 25 ಸುತ್ತು. ನೂಲು 30 ಕೌಂಟಿನ ಹತ್ತಿ, ಅಂದರೆ ಸುಮಾರು 19.7 ಟೆಕ್ಸ್ (ಸಾವಿರ ಮೀಟರ್ ನೂಲಿಗೆ 19.7 ಗ್ರಾಂ). ಬೇಕಾದ ಲೂಪ್ ಉದ್ದ, ಅಂದರೆ ಒಂದು ಕುಣಿಕೆಗೆ ಹೋಗುವ ನೂಲು, 2.70 ಮಿ.ಮೀ. ತೊಂದರೆ ಏನೆಂದರೆ, ಬೆಳಿಗ್ಗೆ ಇಳಿಸಿದ ರೋಲಿಗೂ ಮಧ್ಯಾಹ್ನದ ರೋಲಿಗೂ ಜಿಎಸ್‌ಎಂನಲ್ಲಿ (ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ನಾಲ್ಕೈದರ ವ್ಯತ್ಯಾಸ ಬರುತ್ತಿದೆ. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ.

ಸೂಜಿಗಳನ್ನು ಕೆಳಗೆಳೆದು ಲೂಪ್ ಮಾಡಿಸುವ ಎಲ್ಲ ಸ್ಟಿಚ್ ಕ್ಯಾಮ್‌ಗಳನ್ನೂ ಒಟ್ಟಿಗೆ ಏರಿಳಿಸುವ ಕೇಂದ್ರ ಹೊಂದಾಣಿಕೆಗೆ ಸ್ಟೆಪ್ಪರ್ ಮೋಟರ್ ಕೂಡಿಸಿದೆ. ಪ್ರತಿ ರೋಲಿನಿಂದ ಬಟ್ಟೆ ಕತ್ತರಿಸಿ ತೂಗಿ, ಆ ಅಂಕಿಯನ್ನು ಮೋಟರ್ ನಡೆಸುವ ನಿಯಂತ್ರಕಕ್ಕೆ, ಅಂದರೆ ಪಿಎಲ್‌ಸಿಗೆ ಕೊಡುತ್ತೇನೆ. ತೂಕ ಹೆಚ್ಚಿದ್ದರೆ ಕ್ಯಾಮ್ ಇಳಿಯುತ್ತದೆ, ಲೂಪ್ ಉದ್ದವಾಗಿ ತೂಕ ಇಳಿಯಬೇಕು. ಕಡಿಮೆ ಇದ್ದರೆ ಕ್ಯಾಮ್ ಏರುತ್ತದೆ. ಲೆಕ್ಕ ಸರಿಯಾಗಿಯೇ ಇದೆ ಎಂದು ನಂಬಿದ್ದೆ. ಆದರೆ ಬೆಳಿಗ್ಗೆ ಬಟ್ಟೆಯಲ್ಲಿ ತೂತು ಬೀಳುತ್ತದೆ, ಮಧ್ಯಾಹ್ನ ಸೂಜಿಗಳು ನೂಲು ಹಿಡಿಯದೆ ಲೂಪ್ ಬಿಟ್ಟುಬಿಡುತ್ತವೆ. ಜಿಎಸ್‌ಎಂ ಮಾತ್ರ ಮೊದಲಿದ್ದಂತೆಯೇ ಓಡಾಡುತ್ತಿದೆ. ಕಳೆದ ವಾರ ಕ್ಯಾಮ್ ಬಹಳ ಇಳಿದು ಸೂಜಿಗಳ ಒಂದು ಸಾಲೇ ಹಾಳಾಯಿತು. ಮೋಟರಿನ ವೇಗ ಕಡಿಮೆ ಮಾಡಬೇಕೇ? ತೂಕದ ಮಾದರಿಗಳನ್ನು ಹೆಚ್ಚಿಸಬೇಕೇ?

ಹಳೆಯ ಫಿಟ್ಟರ್

ಮೋಟರಿನ ಮಾತು ಆಮೇಲೆ. ನೂಲು ಬೆಲ್ಟಿನಿಂದ ತಿರುಗಿ ಸುತ್ತಿಗೆ ಇಂತಿಷ್ಟೇ ನೂಲು ಬಿಡುವ ಪಾಸಿಟಿವ್ ಫೀಡರ್‌ಗಳಿಂದ ಬರುತ್ತಿದೆಯೇ? ಕ್ಯಾಮ್ ಇಳಿಸುವ ಮೊದಲು, ಇಳಿಸಿದ ಮೇಲೆ ನೂಲಿನ ಎಳೆತ ಎಷ್ಟಿತ್ತು? ಇವೆರಡು ತಿಳಿಯದೆ ಮುಂದಕ್ಕೆ ಹೋಗುವಂತಿಲ್ಲ.

ಹೆಣಿಗೆಯವ

ಹೌದು, ಪಾಸಿಟಿವ್ ಫೀಡ್. 90 ಫೀಡರ್‌ಗಳಿಗೂ ಒಂದೇ ಬೆಲ್ಟ್, ಅದನ್ನು ನಡೆಸಲು ವ್ಯಾಸ ಬದಲಿಸಬಹುದಾದ ವಿಡಿಕ್ಯು ಪುಲ್ಲಿ. ಎಳೆತವನ್ನು ಇವತ್ತೇ ಮೊದಲ ಸಲ ಅಳೆದೆ. ಕ್ಯಾಮ್ ಮೊದಲಿದ್ದ ಜಾಗದಲ್ಲಿ 4 ಗ್ರಾಂ. ಬೆಳಗಿನ ತಿದ್ದುಪಡಿ ಮುಗಿದ ಮೇಲೆ 11 ಗ್ರಾಂ.

ಹಳೆಯ ಫಿಟ್ಟರ್

ಅಲ್ಲಿಗೆ ರೋಗ ಸಿಕ್ಕಿತು. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ಇದೇ ತಪ್ಪನ್ನು ಮಾಡಿ ಒಳ್ಳೆಯ ಯಂತ್ರಗಳನ್ನು ಕೆಡಿಸಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ನಿಮ್ಮ ಯಂತ್ರದಲ್ಲಿ ಲೂಪ್ ಉದ್ದವನ್ನು ನಿರ್ಧರಿಸುವುದು ಕ್ಯಾಮ್ ಅಲ್ಲ, ಬೆಲ್ಟ್. ಸಿಲಿಂಡರ್ ಒಂದು ಸುತ್ತು ಬರುವಾಗ ಒಂದು ಫೀಡರ್ ಎಷ್ಟು ನೂಲು ಬಿಡುತ್ತದೆಯೋ ಅಷ್ಟನ್ನೇ 2640 ಸೂಜಿಗಳು ಹಂಚಿಕೊಳ್ಳಬೇಕು. 2.70 ಮಿ.ಮೀ. ಬೇಕೆಂದರೆ ಸುತ್ತಿಗೆ 7.128 ಮೀಟರ್. ಬೆಲ್ಟ್ ಅಷ್ಟೇ ಬಿಡುತ್ತಿರುವಾಗ ಕ್ಯಾಮ್ ಎಷ್ಟು ಕೆಳಗೆಳೆದರೂ ಹೆಚ್ಚಿನ ನೂಲು ಬರುವುದು ಎಲ್ಲಿಂದ? ಬರುವುದಿಲ್ಲ. ಎಳೆತ ಏರುತ್ತದೆ, ನೂಲು ತುಂಡಾಗುತ್ತದೆ, ತೂತು ಬೀಳುತ್ತದೆ. ಕ್ಯಾಮ್ ಮೇಲಕ್ಕೆ ಹೋದರೆ ಬಂದ ನೂಲನ್ನು ಸೂಜಿಗಳು ಪೂರ್ತಿ ಬಳಸಿಕೊಳ್ಳಲಾರವು. ನೂಲು ಸಡಿಲವಾಗಿ ಜೋಲುತ್ತದೆ, ಸೂಜಿಯ ಕೊಕ್ಕೆಗೆ ಸಿಗುವುದಿಲ್ಲ. ನಿಮ್ಮ ಬೆಳಿಗ್ಗೆಯೂ ಇದೇ ಕಥೆ, ಮಧ್ಯಾಹ್ನವೂ ಇದೇ ಕಥೆ.

ಹೆಣಿಗೆಯವ

ಹಿರಿಯರೇ, ಒಂದು ಸಂದೇಹ. ಕ್ಯಾಮ್ 11 ಗ್ರಾಂ ಎಳೆತ ಬರುವಷ್ಟು ಇಳಿದಿದ್ದರೂ ಆ ಯಂತ್ರ ಒಂದು ಗಂಟೆ ನಡೆದೇ ನಡೆಯಿತು. ಸೂಜಿ ಕೆಳಕ್ಕೆ ಹೋಗಿದ್ದು ನಿಜ, ಅಷ್ಟು ಉದ್ದದ ಲೂಪ್ ಎಳೆದದ್ದೂ ನಿಜ. ಹಾಗಾದರೆ ಆ ನೂಲು ಎಲ್ಲಿಂದ ಬಂತು?

ಹಳೆಯ ಫಿಟ್ಟರ್

ಪಕ್ಕದ ಲೂಪಿನಿಂದ. ಇದನ್ನು ರಾಬಿಂಗ್ ಬ್ಯಾಕ್ ಎನ್ನುತ್ತಾರೆ. ನ್ಯಾಪ್ಟನ್ ಮತ್ತು ಮಂಡನ್ ಎಂಬ ಸಂಶೋಧಕರು 1966ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸೂಜಿ ಕ್ಯಾಮಿನ ಇಳಿಜಾರಿನಲ್ಲಿ ಜಾರುವಾಗ ನೂಲು ಹಲವು ಸೂಜಿ, ಅವುಗಳ ನಡುವೆ ಬಟ್ಟೆ ಹಿಡಿಯುವ ತೆಳು ತಗಡುಗಳಾದ ಸಿಂಕರ್‌ಗಳನ್ನು ಸುತ್ತಿ ಬರುತ್ತದೆ. ಪ್ರತಿ ತಿರುವಿನಲ್ಲೂ ಉಜ್ಜಾಟ, ಪ್ರತಿ ತಿರುವಿನಲ್ಲೂ ಎಳೆತ ಏರುತ್ತಾ ಹೋಗುತ್ತದೆ. ಕ್ಯಾಮಿನ ತಳ ಮುಟ್ಟುವ ಹೊತ್ತಿಗೆ ಫೀಡರ್ ಕಡೆಯಿಂದ ನೂಲು ಎಳೆಯುವುದು ಕಷ್ಟ. ಆಗಲೇ ತಳ ದಾಟಿ ಮೇಲೇರಲು ಆರಂಭಿಸಿದ ಮುಂದಿನ ಸೂಜಿಯ ಲೂಪಿನಲ್ಲಿ ನೂಲು ಸಡಿಲವಾಗಿರುತ್ತದೆ, ಅಲ್ಲಿಂದ ಕಸಿಯುವುದು ಸುಲಭ. ತಳದಲ್ಲಿರುವ ಸೂಜಿ ಅದನ್ನೇ ಮಾಡುತ್ತದೆ. ಕ್ಯಾಮ್ ಇಳಿದಷ್ಟೂ ಕಸಿಯುವುದು ಹೆಚ್ಚು. ಕೊನೆಗೆ ಬಟ್ಟೆಯಲ್ಲಿ ಉಳಿಯುವುದು ಬೆಲ್ಟ್ ಕೊಟ್ಟಷ್ಟೇ ಉದ್ದ.

ಆದ್ದರಿಂದ ಕ್ಯಾಮಿನ ಆಳದಿಂದ ಲೂಪ್ ಉದ್ದವನ್ನು ಲೆಕ್ಕ ಹಾಕಲು ಹೋಗಲೇಬೇಡಿ. ಕ್ಯಾಮಿನ ಕೆಲಸ ಎಳೆತವನ್ನು ಸರಿಯಾದ ಮಟ್ಟದಲ್ಲಿ ಇಡುವುದು. ಉದ್ದ ಬೆಲ್ಟಿನದು, ಎಳೆತ ಕ್ಯಾಮಿನದು. ನಿಮ್ಮ ಮೋಟರನ್ನು ಕೂಡಿಸಬೇಕಾಗಿದ್ದದ್ದು ವಿಡಿಕ್ಯು ಪುಲ್ಲಿಗೆ. ಅದರ ವ್ಯಾಸ ಹಿಗ್ಗಿದರೆ ಬೆಲ್ಟ್ ಜೋರಾಗಿ ಓಡುತ್ತದೆ, ಲೂಪ್ ಉದ್ದವಾಗುತ್ತದೆ, ತೂಕ ಇಳಿಯುತ್ತದೆ.

ಪ್ರಯೋಗಾಲಯದಾಕೆ

ಪುಲ್ಲಿಗೆ ಮೋಟರ್ ಕೂಡಿಸುವ ಮೊದಲು ಒಂದು ಮಾತು. ಬೆಲ್ಟ್ ಜಾರದೆ ಓಡುತ್ತಿದ್ದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಲೂಪ್ ಉದ್ದ ಬದಲಾಗಿರಲಾರದು. ಹಾಗಿರುವಾಗ ತೂಕ ಬದಲಾದದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಹೊಸ ಮೋಟರ್ ಹಾಕಿದರೆ, ಸರಿಯಾಗಿರುವ ಉದ್ದವನ್ನು ನೀವೇ ಕೆಡಿಸಿದಂತಾಗುತ್ತದೆ.

ತೂಕದ ಲೆಕ್ಕ ಬಹಳ ಸರಳ. ಸಂಶೋಧಕರಾದ ಡಾಯ್ಲ್ 1953ರಲ್ಲಿ, ಮಂಡನ್ 1959ರಲ್ಲಿ ತೋರಿಸಿದ್ದು ಇದು: ಪೂರ್ತಿ ಸಡಿಲಗೊಂಡ ಸಾದಾ ಹೆಣಿಗೆಯಲ್ಲಿ ಲೂಪ್‌ಗಳ ಸಾಂದ್ರತೆ ಲೂಪ್ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ತೂಕಕ್ಕೆ ತಂದರೆ, ಜಿಎಸ್‌ಎಂ ಎಂದರೆ ಒಂದು ಸ್ಥಿರಾಂಕವನ್ನು ಟೆಕ್ಸ್‌ನಿಂದ ಗುಣಿಸಿ ಲೂಪ್ ಉದ್ದದಿಂದ ಭಾಗಿಸಿದ್ದು. ಒದ್ದೆ ಮಾಡಿ ಸಡಿಲಿಸಿದ ಬಟ್ಟೆಗೆ ಆ ಸ್ಥಿರಾಂಕವನ್ನು 21.6 ಎಂದು ಹಿಡಿದರೆ, ನಿಮ್ಮ ಬಟ್ಟೆಗೆ 21.6 × 19.7 ÷ 2.70, ಸುಮಾರು 157.6. ಅಂದರೆ ತೂಕ ಬದಲಾಗಲು ಉದ್ದವೊಂದೇ ಕಾರಣವಲ್ಲ. ನೂಲಿನ ಟೆಕ್ಸ್ ಶೇಕಡಾ 2 ಏರಿದರೆ ತೂಕವೂ ಶೇಕಡಾ 2 ಏರುತ್ತದೆ. ಯಂತ್ರದಿಂದ ಆಗಷ್ಟೇ ಇಳಿಸಿದ ಬಟ್ಟೆಯಾದರೆ, ಕೆಳಗಿನ ರೋಲರ್ ಅದನ್ನು ಎಷ್ಟು ಎಳೆದಿದೆ ಎಂಬುದೂ ತೂಕಕ್ಕೆ ಸೇರಿಕೊಳ್ಳುತ್ತದೆ.

ಇನ್ನೊಂದು ಇದೆ, ಎಲ್ಲರೂ ಮರೆಯುವಂಥದ್ದು: ತೇವ. ಹತ್ತಿಗೆ ವ್ಯಾಪಾರದಲ್ಲಿ ಒಪ್ಪಿರುವ ತೇವಾಂಶ, ಒಣ ತೂಕದ ಮೇಲೆ, ಶೇಕಡಾ 8.5. ಒಣ ಹವೆಯಲ್ಲಿ ಅದು 5.5ಕ್ಕೆ ಇಳಿದರೆ, ಅದೇ ಬಟ್ಟೆಯ ತೂಕ ಶೇಕಡಾ 2.8ರಷ್ಟು ಕಡಿಮೆ ತೋರುತ್ತದೆ. 157ರಲ್ಲಿ ಅದು ನಾಲ್ಕಕ್ಕಿಂತ ಹೆಚ್ಚು. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ನಾಲ್ಕೈದರ ವ್ಯತ್ಯಾಸ ಎಂದು ಬರೆದಿದ್ದೀರಿ. ನಿಮ್ಮ ಮೋಟರ್ ಇಷ್ಟು ದಿನ ಗಾಳಿಯ ತೇವದ ಹಿಂದೆ ಓಡಿದೆ ಎಂಬುದು ನನ್ನ ಬಲವಾದ ಅನುಮಾನ.

ತೂಗುವುದನ್ನು ಬಿಡಿ, ಬಿಚ್ಚಿ ಅಳೆಯಿರಿ. ಬಟ್ಟೆಯಿಂದ ಪೂರ್ತಿ ಒಂದು ಕೋರ್ಸಿನ, ಅಂದರೆ ಲೂಪುಗಳ ಒಂದು ಅಡ್ಡಸಾಲಿನ, ನೂಲು ಬಿಚ್ಚಿ, ಸುರುಳಿ ನೇರವಾಗುವಷ್ಟು ಮಾತ್ರ ತೂಕ ಕಟ್ಟಿ ಉದ್ದ ನೋಡಿ. ಹ್ಯಾಟ್ರಾ ಹೆಸರಿನ ಕೋರ್ಸ್ ಉದ್ದ ಅಳೆಯುವ ಸಾಧನ ಇರುವುದೇ ಇದಕ್ಕೆ. ಬಟ್ಟೆ ಒಗೆದಾಗ, ಬಣ್ಣಕ್ಕೆ ಹೋದಾಗ ಲೂಪಿನ ಆಕಾರ ಬದಲಾಗುತ್ತದೆ. ಅದರೊಳಗಿನ ನೂಲಿನ ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಂಬಬೇಕಾದದ್ದು ಆ ಉದ್ದವನ್ನು.

ಹೆಣಿಗೆಯವ

ಮೇಡಂ, ಮೋಟರನ್ನು ಬಿಚ್ಚಿಟ್ಟು ಮೂರು ದಿನ ಅಳೆದೆ. ಬೆಳಗಿನ ಕೋರ್ಸ್ ಉದ್ದ 7.13 ಮೀಟರ್, ಮಧ್ಯಾಹ್ನದ್ದು 7.12. ಶೇಕಡಾ 0.14ರ ವ್ಯತ್ಯಾಸ. ಎರಡೂ ಹೊತ್ತಿನ ಮಾದರಿಗಳನ್ನು ಒಂದೇ ಕೋಣೆಯಲ್ಲಿ ಒಂದು ದಿನ ಹರಡಿಟ್ಟು ತೂಗಿದಾಗ ಅಂತರ ಒಂದು ಜಿಎಸ್‌ಎಂಗೂ ಕಡಿಮೆ. ನಾಲ್ಕು ತಿಂಗಳು ಇಲ್ಲದ ದೋಷವನ್ನು ತಿದ್ದಲು ಹೋಗಿ ಇರುವ ಸೂಜಿಗಳನ್ನು ಮುರಿದೆ. ಮನಸ್ಸಿಗೆ ಬಹಳ ಕಷ್ಟವಾಯಿತು. ಆದರೂ ಉತ್ತರ ಸಿಕ್ಕಿತಲ್ಲ, ಇಬ್ಬರಿಗೂ ಕೃತಜ್ಞತೆ.

ಟೇಪ್ ಬಿಗಿ

ಅಂದಮೇಲೆ ಪಾಸಿಟಿವ್ ಫೀಡ್ ಇರುವ ಯಂತ್ರಕ್ಕೆ ಸ್ವಯಂಚಾಲಿತ ನಿಯಂತ್ರಣವೇ ಬೇಡ ಎಂದಾಯಿತು. ಪುಲ್ಲಿ ಒಮ್ಮೆ ಸರಿಯಾಗಿ ಇಟ್ಟರೆ ಮುಗಿಯಿತು. ನುರಿತ ಫಿಟ್ಟರ್ ಒಬ್ಬ ಇದ್ದರೆ ಸಾಕು.

ಹಳೆಯ ಫಿಟ್ಟರ್

ಹಾಗೆ ನಾನು ಹೇಳಲಾರೆ, ನಾನೇ ಫಿಟ್ಟರ್ ಆಗಿದ್ದರೂ. ಬೆಲ್ಟ್ ಹಿಗ್ಗುತ್ತದೆ. ಫೀಡರಿನ ಚಕ್ರಕ್ಕೂ ಬೆಲ್ಟಿಗೂ ನಡುವೆ ಹತ್ತಿಯ ಧೂಳು ಕೂತು ಜಾರುತ್ತದೆ. ಚಕ್ರದ ಮೇಲೆ ನೂಲಿನ ಸುತ್ತು ಕಡಿಮೆಯಾದರೆ ನೂಲೇ ಜಾರುತ್ತದೆ. ಯಂತ್ರ ಬಿಸಿಯೇರಿದಂತೆ 762 ಮಿ.ಮೀ. ಸಿಲಿಂಡರ್ ಕೂಡ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ ಉಕ್ಕಿನ ಲೆಕ್ಕದಲ್ಲಿ ವ್ಯಾಸ 0.17 ಮಿ.ಮೀ.ಗೂ ಸ್ವಲ್ಪ ಹೆಚ್ಚು. ಕ್ಯಾಮಿಗೂ ಸೂಜಿಗೂ ಇರುವ ಸಂದು ಬದಲಾಗಿ ಎಳೆತ ಬದಲಾಗುತ್ತದೆ. ಇದನ್ನೆಲ್ಲ ಹಗಲೂ ರಾತ್ರಿ ಕಾಯುವುದು ಮನುಷ್ಯನ ಕೈಲಾಗದು. ಎಳೆತವನ್ನು ನಾನು ಬಹಳ ವರ್ಷ ಬೆರಳಿನಿಂದಲೇ ಅಂದಾಜು ಮಾಡುತ್ತಿದ್ದೆ. ಮೀಟರ್ ಹಿಡಿದ ದಿನ, ನನ್ನ ಬೆರಳಿಗೆ ಒಂದೇ ಎನಿಸಿದ್ದ ಎರಡು ಫೀಡರ್‌ಗಳ ನಡುವೆ 3 ಗ್ರಾಂ ಅಂತರ ಕಂಡಿತು. ಅಂದಿನಿಂದ ಮೀಟರ್ ಇಲ್ಲದೆ ನಾನು ಯಂತ್ರದ ಬಳಿ ಹೋಗಿಲ್ಲ.

ಪಲ್ಸ್ ಎಣಿಕೆ

ನಾನು ನಿಯಂತ್ರಣ ವ್ಯವಸ್ಥೆಗಳ ಕಡೆಯವನು. ಅಳತೆಯ ಸೂಕ್ಷ್ಮತೆಯ ಬಗ್ಗೆ ಯಾರೂ ಬರೆಯಲಿಲ್ಲ, ಆದ್ದರಿಂದ ಅದನ್ನು ಸೇರಿಸುತ್ತೇನೆ.

ನೂಲು ಹಾದುಹೋಗುವಾಗ ತಿರುಗುವ, ಅದನ್ನು ಅಳೆಯುವ ಚಕ್ರದ ಸುತ್ತಳತೆ 20 ಸೆಂ.ಮೀ. ಎಂದಿಟ್ಟುಕೊಳ್ಳಿ. ಸಿಲಿಂಡರಿನ ಒಂದು ಸುತ್ತಿಗೆ ಅದು 35.64 ಸಲ ತಿರುಗುತ್ತದೆ. ಚಕ್ರದ ಸುತ್ತಿಗೆ ಒಂದೇ ಪಲ್ಸ್ (ಎಣಿಸುವ ವಿದ್ಯುತ್ ಮಿಡಿತ) ಇದ್ದರೆ ಎಣಿಕೆ ಒಮ್ಮೆ 35, ಒಮ್ಮೆ 36. ಅಳತೆಯೇ ಶೇಕಡಾ 2.8 ಜಿಗಿಯುತ್ತದೆ. ಅದನ್ನು ನಂಬಿ ಪುಲ್ಲಿ ತಿರುಗಿಸಿದರೆ ಬಟ್ಟೆಯ ಮೇಲೆ ಗೆರೆ ಗೆರೆ ಮೂಡುತ್ತದೆ. ಸಿಲಿಂಡರಿನ 100 ಸುತ್ತುಗಳ ಮೇಲೆ ಎಣಿಸಿದರೆ 3564 ಪಲ್ಸ್, ತಪ್ಪು ಶೇಕಡಾ 0.03ಕ್ಕೆ ಇಳಿಯುತ್ತದೆ, ಆದರೆ ನಿಮ್ಮ ವೇಗದಲ್ಲಿ 4 ನಿಮಿಷ ಕಾಯಬೇಕು. ಚಕ್ರದ ಸುತ್ತಿಗೆ 100 ಪಲ್ಸ್ ಕೊಡುವ ಎನ್‌ಕೋಡರ್ ಹಾಕಿದರೆ ಅದೇ ನಿಖರತೆ ಒಂದೇ ಸುತ್ತಿನಲ್ಲಿ, 2.4 ಸೆಕೆಂಡಿನಲ್ಲಿ ಸಿಗುತ್ತದೆ. ಕಾಲವನ್ನು ಸೆಕೆಂಡಿನಲ್ಲಿ ಅಳೆಯಬೇಡಿ, ಸಿಲಿಂಡರಿನ ಸುತ್ತಿನಲ್ಲಿ ಅಳೆಯಿರಿ. ಆಗ ವೇಗ ಬದಲಾದರೂ ಲೆಕ್ಕ ಕೆಡುವುದಿಲ್ಲ.

ಎರಡನೆಯದು, ನೂಲು ಹರಿದಾಗ ಚಕ್ರ ನಿಲ್ಲುತ್ತದೆ. ನಿಯಂತ್ರಕಕ್ಕೆ ಕಾಣುವುದು ಉದ್ದ ಸೊನ್ನೆ ಎಂದು. ಅದು ಪಾಪ ಪುಲ್ಲಿಯನ್ನು ಪೂರ್ತಿ ಹಿಗ್ಗಿಸಿಬಿಡುತ್ತದೆ. ಆದ್ದರಿಂದ ಯಂತ್ರ ನಿಂತಾಗ, ನಿಧಾನ ಚಲಿಸುವಾಗ, ನೂಲು ಹರಿದ ಸೂಚನೆ ಬಂದಾಗ ಅಲ್ಲಿಯವರೆಗೆ ಕೂಡಿಬಂದ ತಿದ್ದುಪಡಿಯ ಮೊತ್ತವನ್ನು ಹಾಗೆಯೇ ಹಿಡಿದಿಡಬೇಕು. ಮತ್ತೆ ಆರಂಭವಾಗಿ ಹತ್ತಾರು ಸುತ್ತು ಕಳೆದ ಮೇಲೆ ಬಿಡಬೇಕು.

ಹಳೆಯ ಫಿಟ್ಟರ್

ಒಳ್ಳೆಯ ಮಾತು. ಒಂದು ತಿದ್ದುಪಡಿ ಮಾತ್ರ: ಆ ಎನ್‌ಕೋಡರನ್ನು ಫೀಡರಿನ ಚಕ್ರಕ್ಕೇ ಹಾಕಬೇಡಿ. ಅಲ್ಲಿ ಹಾಕಿದರೆ ಬೆಲ್ಟಿನ ವೇಗವನ್ನು ಅಳೆದಂತೆ, ನೂಲನ್ನು ಅಳೆದಂತೆ ಅಲ್ಲ. ನೂಲು ಚಕ್ರದ ಮೇಲೆ ಜಾರಿದರೂ ಎಣಿಕೆ ಸರಿಯಾಗಿಯೇ ಕಾಣುತ್ತದೆ. ಫೀಡರಿಗೂ ಸೂಜಿಗೂ ನಡುವಿನ ನೂಲಿನ ದಾರಿಯಲ್ಲಿ, ಎಳೆತ ಹೆಚ್ಚಿಸದಷ್ಟು ಹಗುರಾದ ರೋಲರ್ ಇಟ್ಟು ಅಳೆಯಿರಿ. ಒಂದು ಫೀಡರ್ ನೋಡಿ 90ಕ್ಕೂ ತೀರ್ಪು ಕೊಡಬೇಡಿ. ಒಂದೇ ಒಂದು ಫೀಡರ್ ಶೇಕಡಾ 2 ಕಡಿಮೆ ಬಿಟ್ಟರೂ ಬಣ್ಣ ಹಾಕಿದ ಬಟ್ಟೆಯಲ್ಲಿ ಅಡ್ಡಪಟ್ಟಿ ಎದ್ದು ಕಾಣುವುದುಂಟು, ಸರಾಸರಿಯಲ್ಲಿ ಮಾತ್ರ ಕಾಣುವುದಿಲ್ಲ.

ಜಕಾರ್ಡ್ ವಿಭಾಗ

ವಿನ್ಯಾಸಕ್ಕೆ ತಕ್ಕಂತೆ ಸೂಜಿಗಳನ್ನು ಆರಿಸುವ ನನ್ನ ಜಕಾರ್ಡ್ ಯಂತ್ರದಲ್ಲಿ ನೀವು ಹೇಳಿದ ಯಾವುದೂ ನಡೆಯುವುದಿಲ್ಲ! ಒಂದು ಫೀಡರಿನ ನೂಲನ್ನು ಒಂದು ಸುತ್ತಿನಲ್ಲಿ 300 ಸೂಜಿ ಹಿಡಿದರೆ ಮುಂದಿನ ಸುತ್ತಿನಲ್ಲಿ 1200 ಹಿಡಿಯುತ್ತವೆ. ಬೆಲ್ಟಿಗೆ ಕಟ್ಟಿದರೆ ಮೊದಲ ಸುತ್ತಿನಲ್ಲೇ ನೂಲು ಹರಿಯುತ್ತದೆ. ಇಲ್ಲಿ ಸೂಜಿಗಳೇ ನೂಲು ಎಳೆದುಕೊಳ್ಳಬೇಕು, ಫೀಡರ್ ಡ್ರಮ್ಮಿನ ಮೇಲೆ ನೂಲು ಕೂಡಿಟ್ಟು ಕೇಳಿದಷ್ಟು ಬಿಡುತ್ತದೆ. ಉದ್ದ ನಿರ್ಧಾರವಾಗುವುದು ಎಳೆತ ಮತ್ತು ಕ್ಯಾಮ್ ಎರಡರಿಂದಲೂ. ಕೋನ್ ಖಾಲಿಯಾಗುತ್ತಾ ಬಂದಾಗ, ನೂಲಿನ ಮೇಣ ಕಡಿಮೆಯಾದಾಗ ಎಳೆತ ಏರುತ್ತದೆ, ಲೂಪ್ ಗಿಡ್ಡವಾಗುತ್ತದೆ.

ಆದ್ದರಿಂದ ಸೆನ್ಸರ್ ಇರುವ, ಎಳೆತವನ್ನು ತಾನೇ ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಫೀಡರ್‌ಗಳನ್ನು ಹಾಕಿದ್ದೇವೆ. ಕ್ಯಾಮ್‌ಗಳನ್ನು ಪ್ರತಿ ಫೀಡರಿಗೂ ಬೇರೆಯಾಗಿ ಹೊಂದಿಸುತ್ತೇವೆ. ಉದ್ದವನ್ನು ಒಂದು ಸುತ್ತಿನಲ್ಲಿ ಅಳೆದರೆ ಅರ್ಥವೇ ಇಲ್ಲ. ವಿನ್ಯಾಸ ಒಂದು ಸಲ ಪೂರ್ತಿ ಮರುಕಳಿಸುವವರೆಗೆ ಹೋದ ನೂಲನ್ನೆಲ್ಲ ಕೂಡಿ, ಹಿಡಿದ ಸೂಜಿಗಳ ಸಂಖ್ಯೆಯಿಂದ ಭಾಗಿಸಬೇಕು. ಹೆಣಿಗೆಯವರ ಮೊದಲ ಆಲೋಚನೆ, ಕ್ಯಾಮಿಗೆ ಮೋಟರ್ ಕೂಡಿಸುವುದು, ನನ್ನ ಯಂತ್ರದಲ್ಲಿ ಸರಿಯಾದ ಆಲೋಚನೆಯೇ ಆಗುತ್ತಿತ್ತು. ಆದರೆ ಕ್ಯಾಮ್ 0.01 ಮಿ.ಮೀ. ಇಳಿದರೆ ಲೂಪಿನ ಎರಡು ಕಾಲುಗಳೂ ಉದ್ದವಾಗಿ ಹೆಚ್ಚೆಂದರೆ 0.02 ಮಿ.ಮೀ. ಸೇರುತ್ತದೆ. 2.70ರಲ್ಲಿ ಅದು ಶೇಕಡಾ 0.7. ಸ್ಕ್ರೂವಿನ ಸಡಿಲ ಅದಕ್ಕಿಂತ ಹೆಚ್ಚಿರುತ್ತದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಮಾಡಿ.

ಕಾಲುಚೀಲದ ಯಂತ್ರ

ನಮ್ಮದು ಪುಟ್ಟ ಸಿಲಿಂಡರ್, 168 ಸೂಜಿ. ಲೂಪ್ ಉದ್ದ ಬೇಕೆಂದೇ ಬದಲಾಗಬೇಕು: ಮೀನಖಂಡದ ಬಳಿ ಉದ್ದ, ಕಣಕಾಲಿಗೆ ಬರುತ್ತಾ ಗಿಡ್ಡ. ಸ್ಟೆಪ್ಪರ್ ಮೋಟರ್ ಸಿಲಿಂಡರನ್ನೇ ಏರಿಳಿಸುತ್ತದೆ. ಹೆಣೆಯುತ್ತಿರುವ ಕಾಲುಚೀಲದಲ್ಲೇ ತಿದ್ದಲು ಹೋಗಿ ನಾವು ಸೋತೆವು, ಎರಡು ಕಾಲಿನ ಚೀಲಗಳು ಜೋಡಿಯಾಗುತ್ತಿರಲಿಲ್ಲ. ಈಗ ಒಂದು ಚೀಲದ ಪ್ರತಿ ಭಾಗಕ್ಕೆ ಹೋದ ನೂಲನ್ನು ಅಳೆದಿಟ್ಟು, ಐದಾರು ಚೀಲಗಳ ಸರಾಸರಿ ನೋಡಿ, ಮುಂದಿನದಕ್ಕೆ ಅರ್ಧದಷ್ಟು ತಿದ್ದುಪಡಿ ಕೊಡುತ್ತೇವೆ. ಯಂತ್ರ ಬಿಸಿಯೇರುವ ಮೊದಲ ಗಂಟೆಯಲ್ಲಿ ಇದು ಬಹಳ ಉಪಕಾರಿ.

ಟೇಪ್ ಬಿಗಿ

ವಿಡಿಕ್ಯು ಪುಲ್ಲಿಯನ್ನೇ ತೆಗೆದು, ಬೆಲ್ಟನ್ನು ಸರ್ವೋ ಮೋಟರಿನಿಂದ ನಡೆಸಿದರೆ? ಸಿಲಿಂಡರಿನ ಎನ್‌ಕೋಡರ್ ನೋಡಿಕೊಂಡು ಅದು ಹಿಂಬಾಲಿಸಲಿ. ಪರದೆಯಲ್ಲಿ 2.70 ಎಂದು ಒತ್ತಿದರೆ ಮುಗಿಯಿತು.

ಪಲ್ಸ್ ಎಣಿಕೆ

ಮಾಡಬಹುದು, ಮಾಡುತ್ತಾರೆ ಕೂಡ. ಒಂದು ಅಪಾಯವನ್ನು ಮಾತ್ರ ಮರೆಯಬಾರದು. ವಿದ್ಯುತ್ ಹೋದರೆ ಭಾರವಾದ ಸಿಲಿಂಡರ್ ತನ್ನ ವೇಗದಲ್ಲಿ ಇನ್ನೂ ತಿರುಗುತ್ತಿರುತ್ತದೆ, ಹಗುರಾದ ಬೆಲ್ಟ್ ಮೋಟರ್ ತಕ್ಷಣ ನಿಲ್ಲುತ್ತದೆ. 90 ನೂಲುಗಳೂ ಒಟ್ಟಿಗೆ ಹರಿದು ಬಟ್ಟೆ ಸೂಜಿಗಳಿಂದ ಕಳಚಿ ಬೀಳುತ್ತದೆ. ಮುಖ್ಯ ಮೋಟರಿನ ಡ್ರೈವ್ ಮತ್ತು ಬೆಲ್ಟಿನ ಸರ್ವೋ ಎರಡಕ್ಕೂ ಒಂದೇ ಡಿಸಿ ಬಸ್, ಅಂದರೆ ಹಂಚಿಕೊಂಡ ನೇರ ವಿದ್ಯುತ್ತಿನ ಸಾಲು, ಇರಲಿ. ಆಗ ನಿಲ್ಲುತ್ತಿರುವ ಸಿಲಿಂಡರೇ ವಿದ್ಯುತ್ ಹಿಂದಿರುಗಿಸಿ ಬೆಲ್ಟನ್ನು ಕೊನೆಯವರೆಗೂ ಜೊತೆಯಲ್ಲಿ ಕರೆದುಕೊಂಡು ಬರುತ್ತದೆ.

ಹೆಣಿಗೆಯವ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲು 90 ಫೀಡರ್‌ಗಳನ್ನೂ ಕೈ ಮೀಟರಿನಿಂದ ಅಳೆದೆ. 87 ಶೇಕಡಾ 0.5ರೊಳಗೆ ಇದ್ದವು. ಮೂರು ಮಾತ್ರ ಶೇಕಡಾ 1.5ರಿಂದ 2ರಷ್ಟು ಕಡಿಮೆ ಬಿಡುತ್ತಿದ್ದವು, ಅವುಗಳಲ್ಲಿ ಎಳೆತ 8 ಗ್ರಾಂ. ಬಿಚ್ಚಿ ನೋಡಿದರೆ ಬೆಲ್ಟ್ ತಾಗುವ ಚಕ್ರಗಳಲ್ಲಿ ಎಣ್ಣೆ ಬೆರೆತ ಧೂಳು ಗಟ್ಟಿಯಾಗಿ ಕೂತಿತ್ತು. ಒರೆಸಿ ಕೂರಿಸಿದ ಮೇಲೆ ಸರಿಹೋದವು. ಬಣ್ಣದವರು ಒಂದು ವರ್ಷದಿಂದ ದೂರುತ್ತಿದ್ದ ಅಡ್ಡಪಟ್ಟಿಯೂ ಅದರೊಂದಿಗೇ ಹೋಯಿತು. ಅದಕ್ಕಾಗಿ ನಾನು ನೂಲಿನವರನ್ನು ದೂರಿದ್ದೆ, ಅವರ ಬಳಿ ಹೋಗಿ ಕ್ಷಮೆ ಕೇಳಿ ಬಂದೆ.

ಈಗ ಮೂರು ಬೇರೆ ಬೇರೆ ಫೀಡರ್‌ಗಳ ನೂಲಿನ ದಾರಿಯಲ್ಲಿ ಹಗುರಾದ ರೋಲರ್ ಇಟ್ಟಿದ್ದೇನೆ. ಮೂರು ಅಂಕಿಗಳಲ್ಲಿ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ನಡುವಿನದನ್ನು 20 ಸುತ್ತಿಗೊಮ್ಮೆ ಓದಿ, ಶೇಕಡಾ 0.3ಕ್ಕಿಂತ ಹೆಚ್ಚು ತಪ್ಪಿದರೆ ಮಾತ್ರ ವಿಡಿಕ್ಯು ಪುಲ್ಲಿಯ ಮೋಟರ್ ಅಲುಗುತ್ತದೆ. ಒಂದು ತಿಂಗಳಲ್ಲಿ ಅದು ಅಲುಗಿದ್ದು ಒಂಬತ್ತು ಸಲ. ಕ್ಯಾಮಿನ ಹಳೆಯ ಮೋಟರನ್ನು ಮತ್ತೆ ಕೂಡಿಸುವ ಆಸೆ ಇದೆ, ಈ ಸಲ ತೂಕಕ್ಕಲ್ಲ, ಎಳೆತಕ್ಕೆ. ಹತ್ತು ನಿಮಿಷದ ಸರಾಸರಿ, 3ರಿಂದ 5 ಗ್ರಾಂ ಒಳಗಿದ್ದರೆ ಮುಟ್ಟುವುದಿಲ್ಲ. ಹಿರಿಯರು ಏನೆನ್ನುತ್ತೀರಿ?

ಹಳೆಯ ಫಿಟ್ಟರ್

ಕೂಡಿಸಿ. ಆದರೆ ಉದ್ದದ ತಿದ್ದುಪಡಿ ನಡೆಯುತ್ತಿರುವಾಗ ಎಳೆತದ ತಿದ್ದುಪಡಿ ಸುಮ್ಮನಿರಬೇಕು, ಇಲ್ಲವಾದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಕ್ಯಾಮ್ ಎಷ್ಟು ಇಳಿಯಬಹುದು, ಎಷ್ಟು ಏರಬಹುದು ಎಂಬುದಕ್ಕೆ ಪಿಎಲ್‌ಸಿಯ ಅಂಕಿಯನ್ನು ಮಾತ್ರ ನಂಬದೆ, ಎರಡೂ ಕಡೆ ಉಕ್ಕಿನ ತಡೆ ಹಾಕಿ. ಸೂಜಿಗಳನ್ನು ಹೊಸದಾಗಿ ಹಾಕಿದ ದಿನ ಆ ತಡೆಗಳನ್ನು ಮತ್ತೆ ಹೊಂದಿಸಿ, ಯಂತ್ರ ಎರಡು ಗಂಟೆ ಓಡಿ ಬಿಸಿಯಾದ ಮೇಲೆ, ತಣ್ಣಗಿರುವಾಗ ಅಲ್ಲ.